ಲಾಟೀನು ಅಜ್ಜನ ಧರಣಿ

ಆ ಭಾನುವಾರ ಬೆಳಿಗ್ಗೆ ಎಂಟೂವರೆಗೆ, ಏಳನೆಯ ದ್ವೀಪದ ಗುಹೆಬಾಗಿಲಲ್ಲಿ, ಲಾಟೀನು ಅಜ್ಜ ಇದ್ದಕ್ಕಿದ್ದಂತೆ ನೆಲಕ್ಕೆ ಕುಳಿತುಬಿಟ್ಟ. ಹಟ್ಟಿಕೇರಿಯನ್ನು ಸಂಜೆಯವರೆಗೆ ತಲೆಕೆಳಗು ಮಾಡಿದ ರಗಳೆಗೆಲ್ಲ ಇಷ್ಟೇ ಕಾರಣ.

ಲಾಟೀನು ಅಜ್ಜ ಮನುಷ್ಯನಲ್ಲ, ಕಂಪ್ಯೂಟರ್ ಆಟದೊಳಗಿನ ಭೂತ. ಹಟ್ಟಿಕೇರಿಯ ರೂಪೇಶನಿಗೆ ಮಲ್ಲಾಪುರದ ಗೆಳೆಯ ಅಮಿತ, ತಾನು ಹೊಸ ಕಂಪ್ಯೂಟರ್ ತಂದಾಗ ಹಳೆಯದನ್ನು ದಾಟಿಸಿದ್ದ. ಅದರ ಹೊಟ್ಟೆಯಲ್ಲೇ ಈ ಆಟವೂ, ಜೊತೆಗೆ ಆಟದ ಒಂದು ಸಣ್ಣ ಪುಸ್ತಕವೂ ಬಂದಿತ್ತು. ಸುತ್ತಿ ನೋಡಲು ಏಳು ದ್ವೀಪ, ಸಹಾಯಕ್ಕೆ ಬಗೆಬಗೆಯ ಭೂತಗಳು. ಒಂದು ಮೀನು ಕತ್ತಲೆ ನೀರಿಗೆ ಬೆಳಕು ಕೊಡುತ್ತದೆ, ಒಂದು ಮುಂಗುಸಿ ಮುಚ್ಚಿದ ಬಾಗಿಲನ್ನು ಮೂಸಿ ತೋರಿಸುತ್ತದೆ, ಒಂದು ಹದ್ದು ಬೆಟ್ಟದಾಚೆ ಏನಿದೆಯೆಂದು ನೋಡಿ ಬರುತ್ತದೆ. ಎಲ್ಲಕ್ಕೂ ದೊಡ್ಡವನು ಈ ಅಜ್ಜ. ಹೆಗಲಿಗೆ ಕಂಬಳಿ, ಒಂದು ಕೈಯಲ್ಲಿ ಕೋಲು, ಇನ್ನೊಂದರಲ್ಲಿ ಲಾಟೀನು. ಮೂರು ವರ್ಷದಿಂದ ಅವನ ಬೆನ್ನು ನೋಡಿಕೊಂಡೇ ರೂಪೇಶ ಆರು ದ್ವೀಪ ದಾಟಿದ್ದ.

ಇನ್ನೊಂದು ಗುಹೆ ದಾಟಿದರೆ ಆಟ ಮುಗಿಯುತ್ತಿತ್ತು. ಮುಗಿಯಲೇಬೇಕಿತ್ತು. ಏಕೆಂದರೆ ಮೂವತ್ನಾಲ್ಕು ವರ್ಷದ ಬಾಳಿನಲ್ಲಿ ರೂಪೇಶ ಯಾವುದನ್ನೂ ಮುಗಿಸಿದವನಲ್ಲ. ಬಿ.ಕಾಂ. ಎರಡನೇ ವರ್ಷಕ್ಕೆ ನಿಂತಿತು. ಟೈಪಿಂಗ್ ಜೂನಿಯರಿಗೆ ನಿಂತಿತು. ಹಿತ್ತಲಲ್ಲಿ ತೋಡಿಸಿದ ಬಾವಿ ನೀರು ಕಾಣುವ ಮೊದಲೇ ನಿಂತು, ಈಗ ಅದರೊಳಗೆ ಬಾಳೆ ಗೊನೆ ಹಾಕಿದೆ. ಊರಿನವರು ಅವನನ್ನು ಕರೆಯುತ್ತಿದ್ದುದೇ ‘ಅರ್ಧ ರೂಪೇಶ’ ಎಂದು. ಅಂಚೆಯವನೂ ಹಾಗೆಯೇ ಕೇಳಿಕೊಂಡು ಬರುತ್ತಿದ್ದ. ಅದನ್ನು ಕೇಳಿದಾಗೆಲ್ಲ ಅವನಿಗೆ ಮೈಯೆಲ್ಲ ಉರಿಯುತ್ತಿತ್ತು. ಇವತ್ತು ಸಂಜೆಯೊಳಗೆ ಒಂದನ್ನಾದರೂ ಪೂರ್ತಿ ಮಾಡಿ ಊರಿನ ಬಾಯಿ ಮುಚ್ಚಿಸುತ್ತೇನೆಂದು ಹೆಂಡತಿ ದೀಪಾಲಿಯ ಮುಂದೆ ಶಪಥ ಮಾಡಿಯೇ ಅವನು ಕುರ್ಚಿ ಎಳೆದುಕೊಂಡಿದ್ದ.

ಅಜ್ಜ ಮಾತ್ರ ಏಳಲಿಲ್ಲ. ರೂಪೇಶ ಅವನ ಸುತ್ತ ಮೂರು ಸುತ್ತು ಬಂದ, ಮುಂಗುಸಿ ಬಿಟ್ಟ, ಕೊನೆಗೆ ಕತ್ತಿಯಿಂದ ತಿವಿದ. ತಿವಿದು ತಿವಿದು ತನ್ನ ಶಕ್ತಿಯೇ ಕುಗ್ಗಿತೆಂದು ಚೀಲದಲ್ಲಿದ್ದ ಹತ್ತು ರೊಟ್ಟಿಯಲ್ಲಿ ಒಂದನ್ನು ತಾನೇ ತಿಂದು, ಮತ್ತೆ ತಿವಿದ.

“ಏಳೋ ಮುದುಕಾ!” ಎಂದು ಅವನು ಕೂಗಿದ್ದು ಪಕ್ಕದ ಮನೆಯ ಹೊನ್ನಿಗೆ ಕೇಳಿತು. ಕರಿಬೇವಿಗೆ ಬಂದವಳು ಕಿಟಕಿಯಲ್ಲಿ ಮುಖವಿಟ್ಟಳು.

“ಕೋಲು, ಕಂಬಳಿ, ದೀಪ... ತಮಾ, ಇಂವ ನಮ್ಮ ದೇವಚಾರ ಅಲ್ವೋ?”

ದೇವಚಾರನೆಂದರೆ ಊರಿನ ಗಡಿ ಕಾಯುವವನು. ದಾರಿ ತಪ್ಪಿದವರ ಮುಂದೆ ಕೋಲು ಬಡಿಯುತ್ತ ನಡೆದು ಮನೆ ಮುಟ್ಟಿಸುವವನು. ಅದಕ್ಕೆ ಪ್ರತಿಯಾಗಿ ವರ್ಷಕ್ಕೊಮ್ಮೆ ಅವನಿಗೆ ರೊಟ್ಟಿ, ಬೀಡಿ, ಒಂದು ಜೊತೆ ಚಪ್ಪಲಿ ಕೊಡುವುದು ಆ ಕಡೆಯ ರೂಢಿ.

“ಹೊನ್ನಕ್ಕ, ಇದು ಆಟ. ಪರದೇಶದ ಕಂಪನಿಯವ್ರು ಮಾಡಿದ್ದು.”

“ಆಟ ಆದ್ರೆ ಎಂತಾಯ್ತು? ಮೂರು ವರ್ಷ ದಾರಿ ತೋರಿಸ್ಕಂಡೆ ಅಲಾ? ಅವಂಗೆ ಎಂತ ಕೊಟ್ಟೆ?”

“ಎಂತ ಕೊಡುದು?”

“ಅದ್ಕೇ ಕೂತ್ಕಂಡಿದ್ದ!” ಎಂದಳು ಹೊನ್ನಿ. ಸರಿಯಾಗಿ ಅದೇ ಹೊತ್ತಿಗೆ ಕರೆಂಟು ಹೋಯಿತು.

ಭಾನುವಾರ ಬೆಳಿಗ್ಗೆ ಕರೆಂಟು ಹೋಗುವುದು ಅಲ್ಲಿ ಹೊಸದೇನಲ್ಲ. ಆದರೆ ಹೊನ್ನಿ ಕರಿಬೇವು ಮರೆತು ಓಡಿದಳು, ಹದಿನೈದು ನಿಮಿಷದಲ್ಲಿ ಸುದ್ದಿ ಕೇರಿಯೆಲ್ಲ ಸುತ್ತಿತು. ಒಂಬತ್ತೂವರೆಗೆ ನಾಗೇಶನ ರಿಕ್ಷಾ ಹಿಂದಕ್ಕೆ ಹೋಗಿ ಗಟಾರದಲ್ಲಿ ಕುಳಿತಿತು. ಹತ್ತು ಹೊಡೆದರೂ ಮೀನಿನ ದುರ್ಗಿ ಬರಲಿಲ್ಲ. ಹನ್ನೊಂದಾಯಿತು, ಹನ್ನೆರಡಾಯಿತು. ಭಾನುವಾರ, ಮೀನಿಲ್ಲ! ಹೆಂಗಸರು ಮಸಾಲೆ ಅರೆದಿಟ್ಟು ರಸ್ತೆ ನೋಡುತ್ತ ನಿಂತರು. ಒಂದು ಗಂಟೆಗೆ ದುರ್ಗಿ ಬೆವರು ಸುರಿಸುತ್ತ ಬಂದಳು. ಬುಟ್ಟಿಯಲ್ಲಿದ್ದ ಬಂಗಡೆಯ ಹೊಟ್ಟೆ ಆಗಲೇ ಮೆತ್ತಗಾಗಿತ್ತು.

“ಇಪ್ಪತ್ತು ವರ್ಷ ಬಂದ ದಾರಿ. ಇವತ್ತು ಟೆಂಪೋದಲ್ಲಿ ಮಾತಾಡ್ತಾ ಎಲ್ಲೋ ಇಳ್ದೆ. ದಾರಿಯೇ ತಪ್ತು ನೋಡಿ!”

ಕೇರಿ ಕೇಳಬೇಕಿದ್ದುದು ಇದೊಂದೇ ಮಾತು. ದಾರಿ ತೋರಿಸುವವನು ಸಿಟ್ಟಿನಿಂದ ಕುಳಿತ ಮೇಲೆ ದಾರಿ ತಪ್ಪದೆ ಇನ್ನೇನು? ಮೂವತ್ತು ಜನ ರೂಪೇಶನ ಅಂಗಳದಲ್ಲಿ ನೆರೆದರು.

“ಹೋಯ್, ಒಂದು ರೊಟ್ಟಿ ಇಟ್ರೆ ನಿಮ್ಮ ಗಂಟು ಎಂತ ಹೋಗ್ತದೆ?” ಎಂದಳು ದೀಪಾಲಿ.

“ರೊಟ್ಟಿ ಮಾತಲ್ಲ! ಇವತ್ತು ಇವ್ನಿಗೆ ರೊಟ್ಟಿ ಕೊಟ್ರೆ ನಾಳೆ ಮುಂಗುಸಿಗೆ ಕೋಳಿ ಕೇಳ್ತಾರೆ. ಒಂದು ಬೀಡಿ ತುಂಡೂ ಕೊಡುದಿಲ್ಲ. ಇದು ನಮ್ಮ ದೇವಚಾರ ಅಲ್ವೇ ಅಲ್ಲ!”

ಊರದೇವರ ಪೂಜೆ ಮಾಡುವ ಬೀರಾ ಗುನಗ ಗಂಟಲು ಸರಿಮಾಡಿಕೊಂಡ. “ಅಲ್ಲ ಹೇಳೂಕೆ ನೀನ್ಯಾರೋ? ದೇವ್ರನ್ನೇ ಕೇಳ್ವ. ಪ್ರಸಾದ ಎಂತ ಹೇಳ್ತದೋ ಹಾಂಗೆ ಕೇಳ್ತ್ಯಾ?”

“ಕೇಳ್ತೆ!” ಎಂದ ರೂಪೇಶ. ತೆಂಗಿನಕಾಯಿ ಮುಟ್ಟಿಸಿ ಆಣೆ ಮಾಡಿಸಿದರು.

ಗುಡಿಯಲ್ಲಿ ಗುನಗ ಮೂರ್ತಿಗೆ ಒದ್ದೆ ಹೂವಿನ ಎಸಳುಗಳನ್ನು ಅಂಟಿಸಿದ. ಬಲಕ್ಕೆ ಬಿದ್ದರೆ ಹೌದು, ಎಡಕ್ಕೆ ಬಿದ್ದರೆ ಅಲ್ಲ. “ಇಂವ ನಮ್ಮ ಗಡಿಯ ದೇವಚಾರ ಹೌದೋ ಅಲ್ವೋ, ತಿಳಿಸಿಕೊಡು ಸ್ವಾಮೀ.” ಐದು ನಿಮಿಷ ಕಾದ ಮೇಲೆ ಒಂದು ಎಸಳು ಅಲುಗಿ, ಜಾರಿ, ಎಡಕ್ಕೆ ಬಿತ್ತು.

“ನೋಡಿದ್ರಾ!” ರೂಪೇಶ ಗುಡಿಯಲ್ಲೇ ಕುಣಿದ. “ದೇವ್ರೇ ಹೇಳ್ದ! ನಾ ಬೆಳಿಗ್ಗೆಯಿಂದ ಹೇಳ್ತಿದ್ದುದು ಇದೇ! ಎಲ್ಲ ಮನೆಗೆ ಹೋಗಿ!”

ಬಾಳಿನಲ್ಲಿ ಮೊದಲ ಸಲ ಅವನು ಊರಿನ ಎದುರು ಗೆದ್ದಿದ್ದ. ಗೆಲುವು ಸುಮಾರು ಅರ್ಧ ನಿಮಿಷ ಬಾಳಿತು.

“ಹೌದು. ನಮ್ದಲ್ಲ,” ಎಂದ ಬೀರಾ ಗುನಗ ಶಾಂತವಾಗಿ. “ಅಂದ್ಮೇಲೆ ಪರಊರಿನದು. ಕೇಳದೆ ಮೂರು ವರ್ಷ ನಮ್ಮ ಗಡಿ ಒಳಗೆ ಇತ್ತು. ಹೊತ್ತು ಮುಳುಗುದ್ರೊಳಗೆ ಗಡಿ ದಾಟಿಸ್ಬೇಕು.”

ಆಣೆ ಮಾಡಿದ ಬಾಯಿ ರೂಪೇಶನದೇ. ಟಿವಿಯಂಥ ಡಬ್ಬಿಯನ್ನು ಗುನಗ ತಲೆಯ ಮೇಲೆ ಹೊತ್ತ, ಸಿಪಿಯುವನ್ನು ನಾಗೇಶ ಮಗುವಿನಂತೆ ಎತ್ತಿಕೊಂಡ, ಹೊನ್ನಿ ಮೌಸನ್ನು ಬಾಲ ಹಿಡಿದು ತೂಗಾಡಿಸುತ್ತ ನಡೆದಳು. ಹಳ್ಳದಾಚೆ, ಹೆದ್ದಾರಿಯ ಬದಿಯಲ್ಲಿ ಸೋಮುವಿನ ಚಹಾ ಅಂಗಡಿ; ಅದು ಗಡಿಯಿಂದ ಹತ್ತು ಹೆಜ್ಜೆ ಹೊರಗೆ.

“ನನ್ನ ಕೈಯಾರೆ ನಾ ದಾಟಿಸುದಿಲ್ಲ!” ಎಂದು ರೂಪೇಶ ಗುಡಿಯ ಕಟ್ಟೆಯ ಮೇಲೆ ಕುಳಿತ. ಯಾರಾದರೂ ಬಂದು ಸಮಾಧಾನ ಮಾಡಿಯಾರೆಂದು ಕಾದ. ಒಂದೂವರೆ ಗಂಟೆ ಕಳೆದರೂ ಒಂದು ನಾಯಿಯ ಹೊರತು ಯಾರೂ ಬರಲಿಲ್ಲ. ಆಮೇಲೆ ಹಳ್ಳದಾಚೆಯಿಂದ “ಹೋ!” ಎಂಬ ದೊಡ್ಡ ಕೂಗು ಕೇಳಿತು. ಅವನು ಲುಂಗಿ ಮೇಲೆತ್ತಿಕಟ್ಟಿ ಓಡಿದ.

ಸೋಮುವಿನ ಅಂಗಡಿಯಲ್ಲಿ ಇಡೀ ಕೇರಿ ತುಂಬಿತ್ತು. ಕರೆಂಟು ಮರಳಿ ಬಂದು, ಬಜ್ಜಿಯ ತಟ್ಟೆಗಳ ನಡುವೆ ಕಂಪ್ಯೂಟರ್ ಉರಿಯುತ್ತಿತ್ತು. ಭೂತ ನಿಜವಾಗಿಯೂ ಗಡಿ ದಾಟಿತೋ ಇಲ್ಲವೋ ನೋಡಬೇಕೆಂದು ಗುನಗ ಹಟ ಹಿಡಿದನಂತೆ. ಅಂಕೋಲೆಯ ಕಾಲೇಜಿನಲ್ಲಿ ಕಂಪ್ಯೂಟರ್ ಕಲಿಯುವ ನಾಗೇಶನ ಮಗಳು ವೀಣಾ ತಂತಿಗಳನ್ನು ಜೋಡಿಸಿ, ಆಟವನ್ನು ನಿಂತಿದ್ದಲ್ಲಿಂದಲೇ ತೆರೆದಳಂತೆ. ಈಗ ಸ್ಟೂಲಿನ ಮೇಲೆ ಮೌಸು ಹಿಡಿದು ಹೊನ್ನಿ ಕುಳಿತಿದ್ದಳು. ಪರದೆಯ ಮೇಲೆ ಗುಹೆ ಇರಲಿಲ್ಲ. ಚಿನ್ನದ ಬಣ್ಣದ ಬೆಳಕು, ಮೀನು, ಮುಂಗುಸಿ, ಹದ್ದು, ಎಲ್ಲರ ನಡುವೆ ನಗುವ ಅಜ್ಜ. ಆಟ ಮುಗಿದಿತ್ತು.

“ಹೇಗೆ?” ರೂಪೇಶ ಜನರನ್ನು ತಳ್ಳಿಕೊಂಡು ಮುಂದೆ ಬಂದ. “ಹೇಗೆ ಎದ್ದ?”

“ಕೈ ಚಾಚ್ಕಂಡು ಕೂತಿದ್ನಲ್ಲೋ ತಮಾ!” ಎಂದಳು ಹೊನ್ನಿ. “ನಿನ್ನ ಚೀಲದಲ್ಲಿ ಒಂಬತ್ತು ರೊಟ್ಟಿ ಇತ್ತು. ಒಂದು ಕೊಡೇ ವೀಣಾ ಅಂದೆ. ತಿಂದ, ಎದ್ದ, ದೀಪ ಹಿಡ್ಕಂಡು ಹೊರಟ. ಪಾಪ, ಮೂರು ವರ್ಷದ ಹಸಿವು.”

“ಪುಸ್ತಕದಲ್ಲೂ ಅದೇ ಇರ್ಬೇಕು ಅಣಾ,” ಎಂದಳು ವೀಣಾ. “ಆಟದ ಜೊತೆ ಒಂದು ಸಣ್ಣ ಪುಸ್ತಕ ಬರ್ತದಲ್ಲ, ಅದನ್ನ ಓದ್ಲಿಲ್ವಾ?”

ಓದಿದ್ದ. ಅರ್ಧ.

ಪರದೆಯ ಕೆಳಗೆ ಗೆದ್ದವರ ಹೆಸರು ಹಾಕುವ ಜಾಗವಿತ್ತು. ಅಲ್ಲಿ ಇಂಗ್ಲಿಷಿನಲ್ಲಿ ‘ಹೊನ್ನಿ ರೂ’ ಎಂದಿತ್ತು.

“ನಿನ್ನ ಹೆಸ್ರೂ ಹಾಕ್ಸಿದ್ದೆ ಮಾರಾಯಾ, ಬೇಜಾರು ಮಾಡ್ಕಣಬೇಡ,” ಎಂದಳು ಹೊನ್ನಿ ಪ್ರೀತಿಯಿಂದ. “ಜಾಗ ಸಾಲ್ಲಿಲ್ಲ. ಅರ್ಧವೇ ಬಂತು.”

ಅಂಗಡಿ ನಕ್ಕಿತು. ದೀಪಾಲಿಯೂ ಸೆರಗು ಬಾಯಿಗಿಟ್ಟುಕೊಂಡಳು. ರೂಪೇಶ ಹೊನ್ನಿಯನ್ನು ಸ್ಟೂಲಿನಿಂದ ಎಬ್ಬಿಸಿ ತಾನು ಕುಳಿತ. ಹೊಸ ಆಟ ಒತ್ತಿದ. ಮೊದಲನೆಯ ದ್ವೀಪದ ಮರಳು ಬಂತು, ಅಲೆ ಬಂತು, ಕಂಬಳಿ ಹೊದ್ದ ಅಜ್ಜ ಕೋಲೂರಿಕೊಂಡು ಬಂದ.

“ಕೇಳೋ ಮುದುಕಾ,” ರೂಪೇಶ ಎಲ್ಲರಿಗೂ ಕೇಳುವಂತೆ ಗುಡುಗಿದ. “ಮೂರಲ್ಲ, ಮೂವತ್ತು ವರ್ಷ ಆಗ್ಲಿ. ನಾನೇ ಮುಗಿಸ್ತೆ. ಒಂದು ರೊಟ್ಟಿ ಚೂರೂ ಕೊಡುದಿಲ್ಲ!”

ಅಜ್ಜ ಅವನನ್ನೇ ನೋಡಿದ. ಲಾಟೀನನ್ನು ಮರಳಿನ ಮೇಲಿಟ್ಟ, ಕೋಲನ್ನು ಪಕ್ಕಕ್ಕಿಟ್ಟ, ಮೊದಲನೆಯ ದ್ವೀಪದಲ್ಲೇ ಕುಳಿತುಬಿಟ್ಟ.