ಬಲಕ್ಕೆ ಎಳೆದ ನೀಲಿ ಪಟ್ಟಿ

ಒಂದು ಮಂಗಳವಾರ ಬೆಳಿಗ್ಗೆ ಹನ್ನೊಂದು ಗಂಟೆ ಹತ್ತು ನಿಮಿಷಕ್ಕೆ ನನ್ನ ನೆಮ್ಮದಿ ಕೆಟ್ಟಿತು. ಸಾಮಾನ್ಯವಾಗಿ ಮನುಷ್ಯನಿಗೆ ನೆಮ್ಮದಿ ಕೆಟ್ಟ ವರ್ಷ ನೆನಪಿರುತ್ತದೆ, ಹೆಚ್ಚೆಂದರೆ ದಿನ ನೆನಪಿರುತ್ತದೆ. ನಿಮಿಷ ನೆನಪಿರುವ ಭಾಗ್ಯ ಎಲ್ಲರಿಗೂ ಇಲ್ಲ. ನನಗೆ ಅದಿದೆ, ಏಕೆಂದರೆ ಆ ನಿಮಿಷವನ್ನು ಕಂಪ್ಯೂಟರು ಬರೆದಿಟ್ಟಿದೆ. ಯಾರು, ಏನನ್ನು, ಎಷ್ಟು ಹೊತ್ತಿಗೆ ಬದಲಾಯಿಸಿದರು ಎಂಬುದನ್ನು ತಪ್ಪದೆ ಬರೆದಿಡಬೇಕೆಂದು ಅದಕ್ಕೆ ಕಲಿಸಿದವನೂ ನಾನೇ. ಅದರಲ್ಲಿ ಮೊದಲು ಸಿಕ್ಕಿಬಿದ್ದವನೂ ನಾನೇ.

ಎರಡು ಸಾವಿರದ ಇಸವಿಯ ಆಚೀಚೆಯ ಮಾತು. ಪುಣೆಯ ಕೊಂಢವಾದಲ್ಲಿ ಒಂದು ಟೈಲ್ಸ್ ಅಂಗಡಿಯ ಮೇಲಿನ ಮಹಡಿಯಲ್ಲಿ ನಮ್ಮದೊಂದು ಪುಟ್ಟ ಸಾಫ್ಟ್‌ವೇರ್ ಕಂಪನಿ. ಕಾರ್ಖಾನೆಗಳಿಗೆ ವೇಳಾಪಟ್ಟಿ ಮಾಡಿಕೊಡುವುದು ನಮ್ಮ ಕಸುಬು. ವೇಳಾಪಟ್ಟಿಯನ್ನು ಪರದೆಯ ಮೇಲೆ ಬಿಡಿಸುವ ಭಾಗವನ್ನು ನಾವು ಬರೆದದ್ದಲ್ಲ, ಸಿದ್ಧವಾದದ್ದನ್ನು ಕೊಂಡು ತಂದದ್ದು. ಅಂಗಡಿಯಿಂದ ಸಾರಿನ ಪುಡಿಯ ಪೊಟ್ಟಣ ತಂದು ಕುದಿಯುವ ಬೇಳೆಗೆ ಸುರಿದು, ಊಟಕ್ಕೆ ಕೂತವರೆದುರು 'ನಾನೇ ಮಾಡಿದ್ದು' ಎನ್ನುವವರ ಹಾಗೆ ನಾವು ಅದನ್ನು ನಮ್ಮ ಪ್ರೋಗ್ರಾಮಿಗೆ ಸುರಿದುಕೊಂಡಿದ್ದೆವು. ಆದರೆ ಪೊಟ್ಟಣ ಮಾತ್ರ ಅದ್ಭುತವಾದದ್ದು. ಎಡಗಡೆ ಸಾಲಾಗಿ ಯಂತ್ರಗಳ ಹೆಸರು, ಮೇಲೆ ಅಡ್ಡಡ್ಡ ಗಂಟೆಗಳು, ನಡುವೆ ಬಣ್ಣಬಣ್ಣದ ಪಟ್ಟಿಗಳು. ಹಸಿರು ಪಟ್ಟಿ ಇದ್ದರೆ ಯಂತ್ರ ಓಡಬಹುದು, ನೀಲಿ ಇದ್ದರೆ ರಿಪೇರಿ. ಮೌಸಿನಿಂದ ಪಟ್ಟಿ ಹಿಡಿದು ಎಳೆದರೆ ಕೆಲಸ ಮುಂದಕ್ಕೆ ಹೋಗುತ್ತದೆ, ತುದಿ ಹಿಡಿದು ಜಗ್ಗಿದರೆ ಉದ್ದವಾಗುತ್ತದೆ. ಎರಡು ಕೆಲಸ ಒಂದರ ಮೇಲೊಂದು ಬಿದ್ದರೆ ಕೆಂಪಗಾಗುತ್ತದೆ. ಒಂದು ಪಟ್ಟಿ ಸರಿದು ಜಾಗ ಖಾಲಿಯಾದರೆ ಮುಂದಿನ ಪಟ್ಟಿ ತಾನಾಗಿಯೇ ಬಂದು ಕೂತುಕೊಳ್ಳುತ್ತದೆ, ಥೇಟ್ ನಮ್ಮ ಸಿಟಿ ಬಸ್ಸಿನ ಪ್ರಯಾಣಿಕರ ಹಾಗೆ.

ಅದರ ಮೋಹ ನನಗೆ ಎಷ್ಟಿತ್ತೆಂದರೆ ಮನೆಗೂ ಒಂದು ವೇಳಾಪಟ್ಟಿ ಮಾಡಿದ್ದೆ. ಬೇಸಿಗೆ ರಜೆಗೆ ಯಾರ್ಯಾರು ನಮ್ಮಲ್ಲಿಗೆ ಬರುತ್ತಾರೆ ಎಂಬುದು ಅದರ ವಿಷಯ. ನಮ್ಮತ್ತೆಯವರ ಪಟ್ಟಿಯೂ ನನ್ನ ಅಕ್ಕನ ಪಟ್ಟಿಯೂ ಒಂದೇ ವಾರದಲ್ಲಿ ಸಂಧಿಸಿ ಪರದೆಯೆಲ್ಲ ಕೆಂಪಾಯಿತು. ಧಾರವಾಡದವಳಾದ ನನ್ನ ಹೆಂಡತಿ ಸುಮಂಗಲಾ ಅದನ್ನು ಕಣ್ಣರಳಿಸಿ ನೋಡಿದಳು. "ಭಾಳ ಚಂದ ಅದರಿ ಇದು. ನಿಮ್ಮ ಅಕ್ಕನ್ನ ಹಿಡದು ಒಂದೀಟು ಬಲಕ್ಕ ಎಳೀರಿ" ಎಂದಳು. "ಎಷ್ಟು?" ಎಂದೆ. "ದೀಪಾವಳಿ ತನಕ" ಎಂದಳು.

ಚಾಕಣದಲ್ಲಿ ಕಾರಿನ ಬಾಗಿಲುಗಳ ತಗಡು ಒತ್ತುವ ಒಂದು ಕಾರ್ಖಾನೆ ನಮ್ಮ ಗಿರಾಕಿ. ಅಲ್ಲಿ ಯಾವ ಯಂತ್ರ ಯಾವಾಗ ಓಡಬೇಕೆಂದು ನಿರ್ಧರಿಸುವವರು ದೇಶಮುಖ ಸಾಹೇಬರು, ಅವಸರದ ಮನುಷ್ಯ. ಪಟ್ಟಿ ಸರಿಸಿದಾಗಲೆಲ್ಲ ನಮ್ಮ ಪ್ರೋಗ್ರಾಮು 'ಖಂಡಿತವಾಗಿ ಬದಲಾಯಿಸಲೇ?' ಎಂದು ಒಂದು ಚೌಕಟ್ಟು ತೆರೆದು ಕೇಳುತ್ತಿತ್ತು. ಮೂರನೆಯ ದಿನಕ್ಕೇ ಅವರ ತಾಳ್ಮೆ ಮುಗಿಯಿತು. "ಮಾಝೀ ಬಾಯಕೋ ಸುದ್ಧಾ ಇತಕಂ ವಿಚಾರತ ನಾಹೀ!" ಎಂದು ಫೋನಿನಲ್ಲಿ ರೇಗಿದರು. ಹೆಂಡತಿಯೂ ಇಷ್ಟು ಕೇಳದಿರುವಾಗ ಪ್ರೋಗ್ರಾಮು ಕೇಳುವುದು ತಪ್ಪೇ ಸರಿ ಎಂದು ನಾನು ಆ ಚೌಕಟ್ಟನ್ನು ತೆಗೆದುಹಾಕಿದೆ. ಅಷ್ಟಕ್ಕೇ ಸುಮ್ಮನಾಗಲಿಲ್ಲ. ರಿಪೇರಿ ನಡೆದಾಗ ಓಡಿಸಬೇಡಿ ಎಂಬ ಗುರುತಿಗೆ ಯಂತ್ರದ ಗುಂಡಿಗಳ ಹತ್ತಿರ ಕಾರ್ಖಾನೆಯವರು ಒಂದು ಕೆಂಪು ಅರಿವೆ ಕಟ್ಟುತ್ತಿದ್ದರು, ಎಣ್ಣೆ ಮೆತ್ತಿದ ಹಳೆಯ ಅರಿವೆ. ಪಕ್ಕದಲ್ಲೇ ನಮ್ಮ ವೇಳಾಪಟ್ಟಿ ತೋರಿಸುವ ಪರದೆ ತೂಗುಬಿಟ್ಟಿದ್ದೆವಲ್ಲ, "ಇನ್ನು ಈ ಅರಿವೆ ಯಾಕೆ ಸಾಹೇಬರೇ?" ಎಂದೆ. ಅದೂ ಹೋಯಿತು.

ಆ ಮಂಗಳವಾರ ಮೇಲಿನ ಗಾಜಿನ ಕೋಣೆಯಲ್ಲಿ ಕೂತು ದೇಶಮುಖರಿಗೆ ಹೊಸ ಆವೃತ್ತಿಯನ್ನು ತೋರಿಸುತ್ತಿದ್ದೆ. "ಎಳೆಯುವುದು ಈಗ ಎಷ್ಟು ನಯವಾಗಿದೆ ನೋಡಿ" ಎಂದು ಕೈಗೆ ಸಿಕ್ಕ ಒಂದು ನೀಲಿ ಪಟ್ಟಿಯನ್ನು ಮಧ್ಯಾಹ್ನದವರೆಗೆ ಎಳೆದೆ. ಬೆಣ್ಣೆಯ ಮೇಲೆ ಜಾರಿದಂತೆ ಜಾರಿತು. ಖಾಲಿಯಾದ ಜಾಗಕ್ಕೆ ಹಸಿರು ಬಂದು ಕೂತಿತು. ದೇಶಮುಖರು "ವಾ!" ಎಂದರು. ಚಹಾ ಬಂತು. ನಾನು ಎಳೆದದ್ದು ತಾಲೀಮಿನ ಪಟ್ಟಿಯಲ್ಲ, ಕಾರ್ಖಾನೆಯ ಅಸಲಿ ಪಟ್ಟಿ, 'ಖಂಡಿತವೇ?' ಎಂದು ಕೇಳುವವರನ್ನು ನಾನೇ ಓಡಿಸಿದ್ದೆ. ಇವೆರಡೂ ನನಗೆ ಹೊಳೆದದ್ದು ಚಹಾದ ಬಸಿ ಕೈಯಲ್ಲಿ ಹಿಡಿದು ಗಾಜಿನಾಚೆ ನೋಡಿದಾಗ. ಕೆಳಗೆ ತೂಗುಬಿಟ್ಟ ಪರದೆ ಹಸಿರಾಗಿತ್ತು. ಯಂತ್ರ ಓಡಿಸುವ ಗಣಪತ ಅದನ್ನು ನೋಡಿ ಗುಂಡಿಗಳ ಕಡೆ ನಡೆಯುತ್ತಿದ್ದ. ಅವನಿಗೆ ಕಾಣದ ಹಿಂಬದಿಯಲ್ಲಿ, ತಗಡು ಒತ್ತುವ, ಮನೆಯಷ್ಟೆತ್ತರದ ಆ ಪ್ರೆಸ್ಸಿನ ಕೆಳಗಿನಿಂದ ಎರಡು ಕಾಲು ಹೊರಚಾಚಿದ್ದವು.

ಆ ಕಾಲುಗಳ ಗುರುತು ನನಗಿತ್ತು. ಗೋಕಾಕದ ಕಡೆಯ ಫಿಟ್ಟರ್ ಬಸಲಿಂಗಪ್ಪನವರವು. ಇಡೀ ಕಾರ್ಖಾನೆಯಲ್ಲಿ ನನ್ನೊಡನೆ ಕನ್ನಡ ಮಾತಾಡುವವರು ಅವರೊಬ್ಬರೇ, ಎಲ್ಲರಿಗೂ ಬಸಣ್ಣ.

ನಾನು ಓಡಿದೆ. ಮೆಟ್ಟಿಲಿಳಿಯುವಾಗ ಕೂಗಿದೆನೆಂದು ನೆನಪು. ಹತ್ತು ವರ್ಷ ಪುಣೆಯಲ್ಲಿದ್ದು, ಮರಾಠಿಯಲ್ಲಿ ರಿಕ್ಷಾದವರೊಡನೆ ಜಗಳವಾಡಿ ಗೆಲ್ಲುವಷ್ಟು ಕಲಿತವನು, ಆ ಮರಾಠಿ ಮನುಷ್ಯನಿಗೆ "ಬ್ಯಾಡೋ! ಬ್ಯಾಡೋ!" ಎಂದು ಕನ್ನಡದಲ್ಲಿ ಕೂಗಿದೆ. ಆ ಗದ್ದಲದಲ್ಲಿ ಯಾವ ಭಾಷೆಯೂ ಕೇಳುತ್ತಿರಲಿಲ್ಲ, ಆ ಮಾತು ಬೇರೆ. ಗಣಪತ ಎರಡೂ ಕೈಯಿಂದ ಎರಡೂ ಗುಂಡಿ ಒತ್ತಿದ್ದನ್ನು ನಾನು ಕಣ್ಣಾರೆ ಕಂಡೆ. ಈಗಲೂ ಹಲ್ಲುಜ್ಜುವಾಗ, ಸಿಗ್ನಲ್ಲಿನಲ್ಲಿ ನಿಂತಾಗ ಕಾಣುತ್ತೇನೆ.

ಏನೂ ಆಗಲಿಲ್ಲ. ಅವನು ಮತ್ತೆ ಒತ್ತಿದ. ಆಗಲೂ ಏನೂ ಆಗಲಿಲ್ಲ. ಗುಂಡಿ ಕೆಟ್ಟಿದೆಯೆಂದು ಅಂಗೈಯಿಂದ ಪೆಟ್ಟಿಗೆಯನ್ನು ಬಡಿದ. ಕೆಳಗಿನಿಂದ ಸಿಟ್ಟಿನ ದನಿಯೊಂದು ಬಂತು: "ಯಾವನಂವಾ, ಬಾಗಲಾ ಬಡದಂಗ ಬಡ್ಯಾಂವ?"

ಬಸಣ್ಣ ತೆವಳಿ ಹೊರಬಂದರು. ಗಣಪತ ಅವರನ್ನು ನೋಡಿ ಇದ್ದಲ್ಲೇ ಕುಸಿದು ಕೂತ. ಗಾಬರಿಯಿಲ್ಲದವರು ಬಸಣ್ಣ ಮಾತ್ರ. ಮೂಲೆಗೆ ಹೋಗಿ ತಮ್ಮ ಊಟದ ಡಬ್ಬಿ ತೆಗೆದರು. ಜೋಳದ ರೊಟ್ಟಿಯ ಮಗ್ಗುಲಲ್ಲಿ, ಅರಿವೆಯಲ್ಲಿ ಸುತ್ತಿಟ್ಟ, ಆ ಪ್ರೆಸ್ಸಿಗೆ ಕರೆಂಟು ಕೊಡುವ ಮೂರು ದಪ್ಪ ಫ್ಯೂಸುಗಳಿದ್ದವು.

"ಒಳಗ ಹೋಗೂಮುಂದ ಇವನ್ನ ಕಿತ್ತಿ ಡಬ್ಯಾಗ ಇಡ್ತೇನ್ರಿ. ಇವತ್ತಿಂದಲ್ಲ, ನೌಕರಿ ಹತ್ತಿದಾಗಿನಿಂದ."

"ಡಬ್ಬಿಯಲ್ಲೇ ಯಾಕ್ರಿ?" ಎಂದೆ.

"ಕಿಸೆದಾಗ ಇಟ್ರ ಬೀಳ್ತಾವ, ಟೇಬಲ್ ಮ್ಯಾಲ ಇಟ್ರ ಯಾರರೆ ತಂದು ಹಾಕ್ತಾರ. ನನ್ನ ಡಬ್ಬಿಗೆ ಮಾತ್ರ ಯಾರೂ ಕೈ ಹಾಕಂಗಿಲ್ಲ. ಒಮ್ಮೆ ಹಾಕಿ ನಮ್ಮನಿಯಾಕಿ ಕೆಂಪು ಚಟ್ನಿ ತಿಂದಾರ. ಇಡೀ ಪಾಳಿ ನೀರು ಕುಡೀತಾ ನಿಂತಿತ್ತು."

ಕಥೆ ಇಲ್ಲಿಗೆ ಮುಗಿದಿದ್ದರೆ ನಾನು ಮನೆಗೆ ಹೋಗಿ ದೇವರಿಗೆ ದೀಪ ಹಚ್ಚಿ ಮಲಗಿಬಿಡುತ್ತಿದ್ದೆ. ಆದರೆ ಅಷ್ಟರಲ್ಲಿ ದೇಶಮುಖರು ಇಳಿದುಬಂದು ಗಣಪತನ ಮೇಲೆ ಎಗರಾಡಿದರು. ಬೆಳಿಗ್ಗೆ ಅವರೇ ಹಾಕಿದ ನೀಲಿ ಪಟ್ಟಿ ಅದು, ಮೇಲೆ ನಾನು ಎಳೆದದ್ದು ತಾಲೀಮಿನದೆಂದೇ ಅವರ ನಂಬಿಕೆ. ಇವನು ನೋಡದೆ ಗುಂಡಿ ಒತ್ತಿದ್ದಾನೆ ಎಂಬುದು ಅವರ ತೀರ್ಮಾನ. ಅವನು "ಹಿರವಂ ಹೋತಂ ಸಾಹೇಬ", ಹಸಿರಿತ್ತು ಸಾಹೇಬ, ಎಂದು ಮತ್ತೆ ಮತ್ತೆ ಹೇಳಿದ. ಅವನು ಬಡಿದ ಬಡಿತಕ್ಕೆ ಪಕ್ಕದ ಪರದೆ ಆರಿಹೋಗಿತ್ತು, ಯಾರೂ ನಂಬಲಿಲ್ಲ. ಸೋಮವಾರ ವಿಚಾರಣೆ, ಅಲ್ಲಿಯವರೆಗೆ ಕೆಲಸಕ್ಕೆ ಬರುವ ಹಾಗಿಲ್ಲ. ಹಸಿರಿತ್ತೆಂದು ಗೊತ್ತಿದ್ದವನು ನಾನು, ಹಸಿರು ಮಾಡಿದವನೂ ನಾನು. ಬಾಯಿ ತೆರೆದೆ. ತೆರೆದ ಬಾಯಿಗೆ, ಮೇಲೆ ಹೋಗಿ ತಣ್ಣಗಾದ ಚಹಾ ಸುರಿದುಕೊಂಡು ಕೊಂಢವಾಕ್ಕೆ ವಾಪಸು ಬಂದೆ.

ಆ ಬದಲಾವಣೆಗಳ ದಾಖಲೆಯನ್ನು ತೆರೆದು ಓದಲು ಬಲ್ಲವನು ನಾನೊಬ್ಬನೇ, ಅಳಿಸಬಲ್ಲವನೂ ನಾನೊಬ್ಬನೇ. ಅಲ್ಲಿ ನನ್ನ ಹೆಸರು, ಅದರ ಮುಂದೆ ಹನ್ನೊಂದು ಹತ್ತು. ಬುಧವಾರವೂ ಗುರುವಾರವೂ ಆ ಒಂದು ಸಾಲನ್ನು ನೋಡುತ್ತ ಕೂತೆ. ಮಲಗಿದರೆ ಕನಸಿನಲ್ಲಿ ಆ ಪಟ್ಟಿಯನ್ನು ಎಡಕ್ಕೆ, ಅದರ ಜಾಗಕ್ಕೆ, ಎಳೆಯುತ್ತಿದ್ದೆ. ನಿಜದಲ್ಲಿ ಎಳೆಯುತ್ತಿದ್ದದ್ದು ಸುಮಂಗಲಾಳ ಚಾದರವನ್ನು. ಎರಡು ದಿನ ಸಹಿಸಿದಳು. ಮೂರನೆಯ ಬೆಳಿಗ್ಗೆ ಚಹಾ ಕೊಡುವಾಗ, "ಏನಾಗೇದ ಹೇಳ್ತೀರೋ, ನಾ ತವರಮನಿಗೆ ಹೋಗಲೋ?" ಎಂದಳು. ಹೇಳಿದೆ. ಅವಳು ಕೊಟ್ಟ ಚಹಾದ ಕಪ್ಪನ್ನು ವಾಪಸು ತೆಗೆದುಕೊಂಡಳು.

"ಆ ಗಣಪತಗ ಹೇಂತಿ ಮಕ್ಕಳದಾವೇನ್ರಿ?"

"ಅದಾರ."

"ಅವರೂ ಹಿಂಗ ಎದ್ದು ಕೂತಿರ್ತಾರ. ಚಹಾ ಆಮ್ಯಾಲ ಕುಡೀರಿ, ಮೊದಲ ಚಾಕಣಕ್ಕ ಹೋಗ್ರಿ."

ಹೋದೆ. ಆ ದಾಖಲೆಯನ್ನು ಕಾಗದದ ಮೇಲೆ ಅಚ್ಚು ಹಾಕಿಸಿಕೊಂಡೇ ಹೋದೆ, ಬಾಯಿ ಮತ್ತೆ ಕೈಕೊಟ್ಟರೆ ಕಾಗದವಾದರೂ ಮಾತಾಡಲಿ ಎಂದು. ದೇಶಮುಖರು ಓದಿದರು. ಕನ್ನಡಕ ತೆಗೆದು ಒರೆಸಿ ಇನ್ನೊಮ್ಮೆ ಓದಿದರು. ಬೈಯುತ್ತಾರೆಂದು ಕಾದೆ. "ಪ್ರಶ್ನೆ ಕೇಳಬೇಡ ಎಂದವನು ನಾನೇ ಅಲ್ಲವೇ" ಎಂದು ಮೆಲ್ಲಗೆ ಮರಾಠಿಯಲ್ಲಿ ಅಂದು, ಗಣಪತನ ಮನೆಗೆ ಆಗಲೇ ಕರೆ ಕಳಿಸಿದರು. ಕೆಂಪು ಅರಿವೆಯೂ ಮರಳಿ ಬಂತು. ಪ್ರೋಗ್ರಾಮಿನಲ್ಲಿ ನೀಲಿ ಪಟ್ಟಿಯನ್ನು ಯಾರೂ ಅಲುಗಿಸದಂತೆ ಮಾಡಲು ಏನು ದಾರಿಯೆಂದು ಹುಡುಕಿದರೆ, ಆ ಪೊಟ್ಟಣದ ಕೈಪಿಡಿಯಲ್ಲೇ ಇತ್ತು: ಪಟ್ಟಿಗೆ ಒಂದು ಪುಟ್ಟ ಬೀಗ. ಒಂದೇ ಒಂದು ಸಾಲು ಬರೆದರೆ ಸಾಕು, ಬೀಗ ಬೀಳುತ್ತದೆ. ಬಣ್ಣ ಹೇಗೆ ಬದಲಾಯಿಸಬೇಕೆಂಬ ಅಧ್ಯಾಯವನ್ನು ಮೂರು ಸಲ ಓದಿದ್ದ ನಾನು, ಬೀಗದ ಅಧ್ಯಾಯವನ್ನು ಬೇಡವೆಂದು ಹಾರಿಸಿದ್ದೆ.

ಗಣಪತ ಬಂದ. ಕೈ ಮುಗಿದು ತಪ್ಪೊಪ್ಪಿಕೊಂಡೆ. ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿ, "ಆತಾ ಸಗಳ್ಯಾಂನಾ ಚಹಾ ಪಾಜಾ" ಎಂದ. ಎಲ್ಲರಿಗೂ ಚಹಾ ಕುಡಿಸಿದೆ. ಬಸಣ್ಣನಿಗೆ ಹೇಳುವುದೇ ಕಷ್ಟವಾಯಿತು. ಅವರು ಬಸಿಗೆ ಚಹಾ ಸುರಿದು ಊದುತ್ತ ಕೇಳಿಸಿಕೊಂಡರು.

"ನೀವು ಎಳದ್ರಿ ಹೌದು. ಆದ್ರ ನಾ ನಿಮ್ಮ ಆ ಟೀವಿ ಯಾವತ್ತೂ ನೋಡೇ ಇಲ್ರಿ."

"ಯಾವತ್ತೂ?"

"ಒಂದ್ ದಿನಾನೂ ಇಲ್ಲ. ತಪ್ಪ ತಿಳೀಬ್ಯಾಡ್ರಿ. ಅದರಾಗ ಏನ್ ಬಣ್ಣ ಇದ್ರೂ ನಾ ನಂಬಂಗಿಲ್ಲ. ಮುಂದನೂ ನಂಬಂಗಿಲ್ಲ."

ಎರಡು ವರ್ಷ ಕಷ್ಟಪಟ್ಟು ಮಾಡಿದ ಕೆಲಸದ ಬಗ್ಗೆ ಗಿರಾಕಿಯೊಬ್ಬ ಎದುರಿಗೇ ಹೀಗೆ ಹೇಳಿದರೆ ಬೇರೆ ಸಾಫ್ಟ್‌ವೇರಿನವರು ಏನು ಮಾಡುತ್ತಾರೋ ತಿಳಿಯದು. ನಾನು ಅವರ ಎಣ್ಣೆಗೈಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು, "ಹಾಂಗೇ ಇರ್ರಿ ಬಸಣ್ಣ, ದಯಮಾಡಿ ಹಾಂಗೇ ಇರ್ರಿ" ಎಂದೆ. ಆ ಶುಕ್ರವಾರ ಊಟವಾದೊಡನೆ ಮಲಗಿದವನು ಬೆಳಿಗ್ಗೆ ಹಾಲಿನವನು ಬಾಗಿಲು ತಟ್ಟುವವರೆಗೆ ಒಂದೇ ಮಗ್ಗುಲಲ್ಲಿ ನಿದ್ದೆ ಮಾಡಿದೆ.