ತುಟ್ಟಿ ಟೈರು, ಟ್ರೇಲರ್ ಹವಾ

ಯಾವುದರಲ್ಲಿ ಬೇಕಾದರೂ ಜುಗ್ಗತನ ಮಾಡಬಹುದು, ಟೈರಿನಲ್ಲಿ ಮಾತ್ರ ಸಲ್ಲದು! ಇಂಥದೊಂದು ಘನ ನಿರ್ಧಾರ ಮಾಡಿ, ಇಡೀ ಮುಧೋಳದಲ್ಲಿ ಯಾರೂ ಹಾಕಿಸಿರದ ಪರದೇಶಿ ಟೈರುಗಳನ್ನು ನನ್ನ ಕಾರಿಗೆ ಹಾಕಿಸಿದೆ. ಅವುಗಳ ದೆಸೆಯಿಂದ ನಾನೇ ಪರದೇಶಿಯಾಗುತ್ತೇನೆಂದು ಆಗ ಗೊತ್ತಿರಲಿಲ್ಲ.

ಹೆಂಡತಿ ರೇಷ್ಮಾ ಕಾರನ್ನು ಒಂದು ಸುತ್ತು ಹಾಕಿ, ಇಷ್ಟು ತುಟ್ಟಿಯವು ಎಷ್ಟು ದಿನ ಬಾಳುತ್ತವೆ ಎಂದಳು. ಮೆತ್ತನೆಯ ರಬ್ಬರು ಬೇಗ ಸವೆಯುತ್ತದೆ ಎಂದು ಮೊಬೈಲಿನಲ್ಲಿ ಓದಿದ್ದಳಂತೆ. ನನಗೆ ರೇಗಿಹೋಯಿತು.

“ಮೂರು ಕಬ್ಬಿನ ಹಂಗಾಮ ದಾಟಸ್ತೇನಿ. ಅದಕ್ಕೂ ಮದ್ಲ ಸವದ್ರ ಸ್ಟೇರಿಂಗ್ ನಿನಗ.”

“ಖರೇನ್ರಿ?”

“ಖರೆ.”

ಈ ಮಾತಿನ ತೂಕ ನಿಮಗೆ ಗೊತ್ತಾಗಬೇಕು. ಅವಳ ಹತ್ತಿರ ಲೈಸೆನ್ಸ್ ಇದೆ. ಆದರೆ ಮದುವೆಯಾದಾಗಿನಿಂದ ನಮ್ಮ ಕಾರಿನ ಸ್ಟೇರಿಂಗನ್ನು ಅವಳು ಒರೆಸಿದ್ದುಂಟು, ತಿರುಗಿಸಿದ್ದಿಲ್ಲ! ಅದು ನನ್ನ ಸಿಂಹಾಸನ. ಕಳೆದುಕೊಂಡರೆ ಓಣಿಯಲ್ಲಿ ತಲೆಯೆತ್ತುವುದು ಹೇಗೆ?

ಟೈರು ಸವೆಯದಂತೆ ನೋಡಿಕೊಳ್ಳಲು ತಲೆ ಓಡಿಸಿದೆ. ಸಮೀರವಾಡಿ ಸಕ್ಕರೆ ಕಾರ್ಖಾನೆಯ ರಸ್ತೆಯಲ್ಲಿ ಕಬ್ಬಿನ ಟ್ರ್ಯಾಕ್ಟರುಗಳು ಸಾಲುಗಟ್ಟಿ ನಿಂತಿದ್ದವು. ಟ್ರೇಲರಿನಲ್ಲಿ ಮನೆಯೆತ್ತರ ಕಬ್ಬು, ಆದರೂ ಟೈರು ಕಲ್ಲಿನಂತೆ ಗಟ್ಟಿ! ಆಹಾ, ಗುಟ್ಟೆಲ್ಲ ಹವಾದಲ್ಲಿದೆ! ಗಟ್ಟಿಯಿದ್ದರೆ ನೆಲಕ್ಕೆ ತಾಗುವುದು ಕಡಿಮೆ, ತಾಗದಿದ್ದರೆ ಸವೆಯುವುದೆಲ್ಲಿ? ಅಲ್ಲೇ ಹವಾ ಹಾಕುತ್ತಿದ್ದ ಜಕ್ಕಪ್ಪ ಎಷ್ಟು ಹಾಕಲಿ ಎಂದ.

“ಟ್ರೇಲರಿಗೆ ಹೆಂಗ ಹಾಕ್ತಿ ಹಂಗ ಹಾಕೋ,” ಎಂದೆ.

ಅವನು ಒಮ್ಮೆ ಟೈರನ್ನೂ ಒಮ್ಮೆ ನನ್ನನ್ನೂ ನೋಡಿ, ನನಗ್ಯಾಕೆ ಊರ ಉಸಾಬರಿ ಎಂದುಕೊಂಡು ಹಾಕಿದ. ಅಂದಿನಿಂದ ಕಾರು ಕುಣಿಯುತ್ತ ಓಡತೊಡಗಿತು. ಹುಣಸೆ ಬೀಜದಷ್ಟು ಕಲ್ಲು ಸಿಕ್ಕರೂ ನಮ್ಮ ತಲೆ ಮೇಲಿನ ತಗಡಿಗೆ! ರೇಷ್ಮಾ ಸೊಂಟ ಹಿಡಿದುಕೊಂಡು ಗೊಣಗಿದರೆ, ಪರದೇಶದಲ್ಲೆಲ್ಲ ಹೀಗೇ ಎಂದು ಗದರಿಸಿದೆ. ವಾರವಾರವೂ ಹೋಗಿ ಹವಾ ಏರಿಸಿಕೊಂಡು ಬಂದೆ.

ಮೊದಲ ಹಂಗಾಮು ಇನ್ನೂ ನಡೆದಿತ್ತು. ಅತ್ತೆ ಬೋರವ್ವನವರನ್ನು ಬನಹಟ್ಟಿಗೆ ಬಿಡಲು ಮೂವರೂ ಹೊರಟೆವು. ಅಡ್ಡಮಳೆ ಬಂದು ಆಗತಾನೆ ನಿಂತಿತ್ತು. ಹಾದಿಯುದ್ದಕ್ಕೂ ಅತ್ತೆಯವರಿಗೆ ನನ್ನಿಂದ ಟೈರಿನ ಗುಣಗಾನ. ಸಪ್ಪಳವೇ ಇಲ್ಲ, ಕಿವಿಗೊಟ್ಟು ಕೇಳಿ, ಕೇಳಿಸಿತೇ, ಕೇಳಿಸಲಿಲ್ಲವಲ್ಲ ಎಂದು ಒಂದೇ ಸಮನೆ ಹೇಳಿದೆ. ಮಹಾಲಿಂಗಪುರ ದಾಟಿದ ಮೇಲೆ, ಟ್ರ್ಯಾಕ್ಟರಿನ ಗಾಲಿಗಂಟಿ ಬಂದ ಎರೆಮಣ್ಣು ರಸ್ತೆಯ ಮೇಲೆ ಹಸಿಹಸಿಯಾಗಿ ಬಿದ್ದಿತ್ತು. ಎದುರಿಗೊಂದು ನಾಯಿ ಬಂತು. ಬ್ರೇಕ್ ಒತ್ತಿದೆ. ಕಾರು ಗಿರ್ರನೆ ತಿರುಗಿ, ಬಂದ ದಾರಿಗೇ ಮುಖ ಮಾಡಿ ನಿಂತಿತು!

ಹಿಂದಿನಿಂದ ಅತ್ತೆ ಶಾಂತವಾಗಿ ಕೇಳಿದರು. “ಯಾಕ್ರಿ ಅಳಿಯಾರ, ಮನ್ಯಾಗ ಏನರ ಮರತ ಬಂದ್ರ್ಯಾ?”

ರೇಷ್ಮಾ ಇಳಿದು ಹೋಗಿ ಗಾಲಿಯ ಮುಂದೆ ಕೂತಳು. ನಾನೂ ಇಳಿದು ನೋಡಿದೆ. ಟೈರಿನ ಅಂಚಿನ ನಕ್ಷೆ ಅಂಗಡಿಯಿಂದ ತಂದಾಗ ಇದ್ದಂತೆಯೇ ಇತ್ತು, ನಡುವೆ ಮಾತ್ರ ನನ್ನ ನೆತ್ತಿಯ ಹಾಗೆ ನುಣ್ಣಗೆ! ಉಬ್ಬಿದ ಟೈರು ನಡುವಷ್ಟನ್ನೇ ನೆಲಕ್ಕೂರಿ ಓಡಿ, ಅಲ್ಲೇ ಸವೆದುಹೋಗಿತ್ತು.

“ಟೈರ್ ಛಲೋನ ಅದಾವ್ರಿ. ಹವಾ ಭಾಳ ಆಗೇತಿ,” ಎಂದಳು.

ಟೈರಿನದೋ, ನನ್ನದೋ ಎಂದು ಕೇಳುವ ಧೈರ್ಯವಾಗಲಿಲ್ಲ. ಅವಳು ಕೈ ಚಾಚಿದಳು.

“ಚಾವಿ ಕೊಡ್ರಿ.”

ಕೊಟ್ಟೆ. ಸಿಂಹಾಸನ ಹೋಯಿತು! ನಾಲ್ಕೂ ಗಾಲಿಯ ಹವಾ ಒಂದಿಷ್ಟು ಬಿಟ್ಟು, ಸೀಟು ಮುಂದೆಳೆದುಕೊಂಡು, ಕಾರನ್ನು ನಾಜೂಕಾಗಿ ಹೊರಳಿಸಿ ಹೊರಟಳು. ಸುಳ್ಳೇಕೆ ಹೇಳಲಿ, ನನಗಿಂತ ಚೆನ್ನಾಗಿ ಓಡಿಸಿದಳು. ಹೊಟ್ಟೆಯುರಿದು ತುಟಿ ಬಿಗಿದು ಕೂತೆ.

ಬನಹಟ್ಟಿ ಹತ್ತಿರ ಬಂದಾಗ ಅತ್ತೆ ಮುಂದಕ್ಕೆ ಬಾಗಿ ಕಿವಿಗೊಟ್ಟರು.

“ರೇಷ್ಮಾ, ಈಗ ಖರೇನ ಸಪ್ಪಳಿಲ್ಲ ನೋಡು. ಟೈರ್ ಬದಲಿ ಮಾಡಿದೇನ?”

“ಇಲ್ಲ ಬೇ, ಟೈರ್ ಅವ ಅದಾವ. ನಿನ್ನ ಅಳಿಯಾರು ಸುಮ್ಮನ ಕುಂತಾರ.”