ಕಡ ತಂದ ತಿಪ್ಪೆ

ಭಾನುವಾರ ಬೆಳಿಗ್ಗೆ ಚಹಾದಂಗಡಿಯಲ್ಲಿ ಮುಬಶ್ಶಿರ ಒಂದೇ ಒಂದು ಮಾತು ಹೆಚ್ಚಿಗೆ ಆಡಿದ್ದ: "ನಾಳಿ ನಾಕಕ್ಕ ದೊಡ್ಡ ಮೇಡಂ ಬರ್ತಾರ. ಮಿಲ್ಲಿನ ಹಿಂದಿನ ತಿಪ್ಪಿ ನೋಡ್ತಾರ." ಅಷ್ಟು ಹೇಳಿ, ಅಂಗಿ ಇಸ್ತ್ರಿ ಮಾಡಿಸಲು ಹಡಗಲಿ ಬಸ್ಸು ಹತ್ತಿದ.

ಸೋಮವಾರ ಎಂಟಕ್ಕೆ ಬಂದು ನೋಡಿದರೆ ತಿಪ್ಪೆಯೇ ಇಲ್ಲ.

ಮಾಗಳದ ಹೊರಗಿನ ಆ ಪುಟ್ಟ ತಾಳೆ ಎಣ್ಣೆ ಮಿಲ್ಲಿನ ಹಿಂದೆ, ಹಣ್ಣು ಬಿಡಿಸಿದ ಖಾಲಿ ಗೊನೆಗಳು ಆರು ವರ್ಷದಿಂದ ಕೊಳೆತು ಗುಡ್ಡವಾಗಿದ್ದವು. ಈಗ ಆ ಜಾಗ ಮದುವೆ ಮನೆಯ ಅಂಗಳದಂತೆ ಸಾರಿಸಿಕೊಂಡು ಹೊಳೆಯುತ್ತಿತ್ತು. ನಡುವೆ ರಂಗೋಲಿ. ಅದರ ಪಕ್ಕದಲ್ಲಿ ಮೇಸ್ತ್ರಿ ಹಾಲಸ್ವಾಮಿ, ಬಹುಮಾನ ಗೆದ್ದ ಹೋರಿಯ ಹಾಗೆ ಎದೆಯುಬ್ಬಿಸಿ ನಿಂತಿದ್ದ.

"ಹೆಂಗೈತಲೇ ಮುಬ್ಬಾ? ಓಣಿಯವ್ರಿಗೆ ಹೇಳಿದೆ, ಗೊಬ್ಬರ ಬೇಕಾದಷ್ಟು ಹೇರ್ಕೊಂಡು ಹೋಗ್ರಿ ಅಂತ. ಏಳು ಟ್ರ್ಯಾಕ್ಟರ್! ಹೊಲಕ್ಕ ಹರವಿ, ರಂಟಿ ಹೊಡದು ಮಣ್ಣಾಗ ಕಲಸಿನೂ ಆತು. ಮೇಡಂ ಬರೋ ಹೊತ್ತಿಗೆ ಗಬ್ಬು ಇಟ್ಕೊಂತಾರೇನು?"

"ಮೇಡಂ ಬರೋದೇ ಗಬ್ಬು ಅಳಿಯಾಕ್ರೀ ಮಾಮಾ!"

ಮುಬಶ್ಶಿರ ರಂಗೋಲಿಯ ಮೇಲೇ ಕುಕ್ಕರಿಸಿದ. ಸಂಗತಿ ಇಷ್ಟೇ. ಹೊಸ ಬಾಯ್ಲರ್ ಬಂದರೆ ಆ ಖಾಲಿ ಗೊನೆಗಳನ್ನೇ ಉರಿಸಿ ಹಬೆ ಮಾಡಬಹುದು. ಕೊಳೆತು ಗಾಳಿಗೆ ಸೇರುವ ವಿಷ ಅಷ್ಟು ತಗ್ಗುತ್ತದೆ. ತಗ್ಗಿದಷ್ಟಕ್ಕೂ ಹೊರಗಿನ ಕಂಪನಿಯೊಂದು ಹಣ ಕೊಡುತ್ತದೆ. ಆದರೆ ಎಷ್ಟು ತಗ್ಗಿತು ಎನ್ನಲು, ಮೊದಲು ಎಷ್ಟು ಕೆಟ್ಟಿತ್ತು ಎಂದು ಬರೆದಿಡಬೇಕಲ್ಲ? ಅದಕ್ಕೆ ಬೇಸ್‌ಲೈನ್ ಎಂದು ಹೆಸರು. ಅದು ಪಾಸಾದರೆ ದಿನಗೂಲಿ ಮುಬಶ್ಶಿರ ಕಾಯಂ ಎಂದು ಮಾಲೀಕ ಗಂಗಾಧರ್ ಮಾತು ಕೊಟ್ಟಿದ್ದರು. ಒಂಬತ್ತು ವರ್ಷ ಹಳೇ ಬಾಯ್ಲರಿನ ಬಾಯಿಗೆ ಸೌದೆ ತುರುಕಿ ಅವನ ಹುಬ್ಬುಗಳು ಎರಡು ಸಲ ಸುಟ್ಟು, ಎರಡು ಸಲ ಬೆಳೆದಿದ್ದವು.

"ಅಂದ್ರ ಹೊಲಸು ಹೆಚ್ಚಿದ್ದಷ್ಟೂ ಚಲೋ?" ಹಾಲಸ್ವಾಮಿ ಗಲ್ಲ ಕೆರೆದುಕೊಂಡ. "ಹಂಗಾದ್ರ ನಮ್ಮ ಓಣಿಗೇ ಮೊದಲ್ನೇ ಬಹುಮಾನ ಬರಬೇಕಲ್ಲೋ. ಮನಿಗೊಂದು ತಿಪ್ಪಿ ಐತಿ."

ಮುಬಶ್ಶಿರ ಚೇಳು ಕಡಿದವನಂತೆ ಎದ್ದ.

ಮೊದಲ ಮನೆ ಬಸಲಿಂಗಮ್ಮನದು. ತಿಪ್ಪೆ ಕಡ ಕೇಳಿದವನನ್ನು ಆಕೆ ಎಪ್ಪತ್ತು ವರ್ಷದಲ್ಲಿ ಕಂಡಿರಲಿಲ್ಲ.

"ಸಕ್ಕರಿ ಕಡ ಕೇಳ್ತಾರ, ಹೆಪ್ಪಿಗೆ ಮಜ್ಜಿಗಿ ಕೇಳ್ತಾರ. ಇದೇನೋ ಯಪ್ಪಾ ನಿಂದು?"

"ನಿಮ್ಮ ಹೊಲಕ್ಕ ನಿನ್ನಿ ಹೋಗಿದ್ದು ಗೊಬ್ಬರ ಅಲ್ಲಬೇ ಯಮ್ಮಾ, ನನ್ನ ನೌಕರಿ! ಸಂಜಿಮಟ ಕೊಡು ಸಾಕು."

"ರೋಣಿ ಮಳಿ ಬಿದ್ದೈತಿ, ಬಿತ್ತಿಗಿ ಹತ್ರ ಬಂತು. ನಾಳಿ ಹೊತ್ತು ಮೂಡೋದ್ರಾಗ ಈ ತಿಪ್ಪಿನೂ ಹೊಲಕ್ಕ ಹೋಗಬೇಕು. ತುಂಬಿದ ಬುಟ್ಟಿಗೆ ತುಂಬಿದ ಬುಟ್ಟಿ. ಮತ್ತ ನಂದೇ ಬರಬೇಕು. ಆ ಅಂಜಿನಕ್ಕನ ಬೂದಿ ಕಲಸಿದ್ದು ನನಗ ಬ್ಯಾಡ."

"ಯಾರದ್ದು ಬೂದಿ?" ಗೋಡೆಯಾಚೆಯಿಂದ ಅಂಜಿನಕ್ಕನ ತಲೆ ಮೇಲೆದ್ದಿತು. "ನಿಂದ್ರಾಗ ಬರೇ ಉಳ್ಳಾಗಡ್ಡಿ ಸಿಪ್ಪಿ! ತಮ್ಮಾ, ನಂದೂ ಒಯ್ಯಿ. ಯಾರದ್ದು ಚಲೋ ಅಂತ ಮೇಡಮ್ಮೇ ಹೇಳ್ಲಿ."

ಅಲ್ಲಿಂದ ಅದು ಸ್ಪರ್ಧೆಯಾಯಿತು. ಮಧ್ಯಾಹ್ನದ ಹೊತ್ತಿಗೆ ಹದಿನಾಲ್ಕು ಮನೆಯ ತಿಪ್ಪೆ ಮಿಲ್ಲಿನ ಹಿಂದೆ ಸೇರಿತು. ತಂತಮ್ಮದು ತಪ್ಪಿಹೋಗಬಾರದೆಂದು ಬಸಲಿಂಗಮ್ಮ ಕೆಂಪು ಸೀರೆಯ ಚೂರು ಕಟ್ಟಿದ ಕೋಲು ನೆಟ್ಟಳು, ಅಂಜಿನಕ್ಕ ಬೇವಿನ ಟೊಂಗೆ, ನಾಗಕ್ಕ ಹರಿದ ಛತ್ರಿ. ಮೇಲೆ ಅಂದಿನ ಖಾಲಿ ಗೊನೆಗಳನ್ನು ಹರಡಿದ್ದಾಯಿತು. ಮುಬಶ್ಶಿರನ ಇಸ್ತ್ರಿ ಅಂಗಿ ಈಗ ಪಂಚನಾಮೆಗೆ ತಂದ ಸಾಕ್ಷಿಯಂತಿತ್ತು.

ಸರಿಯಾಗಿ ನಾಲ್ಕಕ್ಕೆ ಆ ಕಂಪನಿಯ ಅಮೃತಾ ಮೇಡಂ, ಗಂಗಾಧರ್ ಜೊತೆ ಬಂದರು. ಟೇಪು ಹಿಡಿದು ಸುತ್ತ ಅಳೆದರು. ಉದ್ದನೆಯ ಕಬ್ಬಿಣದ ಥರ್ಮಾಮೀಟರನ್ನು ತಿಪ್ಪೆಯ ಹೊಟ್ಟೆಗೆ ಇಳಿಸಿದರು. ಎತ್ತಿದಾಗ ತುದಿಯಲ್ಲಿ ಒಂದು ಕೂಸಿನ ಚಪ್ಪಲಿ ಬಂತು.

"ಇದು?"

"ಕೂಲಿಯವ್ರ ಮಕ್ಕಳು ಆಡಾಕ ಬರ್ತಾವ್ರೀ," ಎಂದ ಮುಬಶ್ಶಿರ.

"ಸೆಗಣಿ?"

"ಹಿಂಬಾಲೇ ಎಮ್ಮಿನೂ ಬರ್ತಾವ್ರೀ."

ಮೇಡಂ ಕಣ್ಣು ಕಿರಿದು ಮಾಡಿ ಕೆಂಪು ಬಾವುಟವನ್ನೂ ಬೇವಿನ ಟೊಂಗೆಯನ್ನೂ ಛತ್ರಿಯನ್ನೂ ನೋಡಿದರು.

"ಈ ಗುರುತುಗಳನ್ನು ಹಾಕಿದ್ದು ಯಾರು?"

"ನಾ... ನಾನ್ರೀ. ಪಾಲು ಪಾಲಾಗಿ ಗೊತ್ತಾಗ್ಲಿ ಅಂತ."

"ಭಾಗಭಾಗವಾಗಿ ಗುರುತು!" ಮೇಡಂ ಗಂಗಾಧರ್ ಕಡೆ ತಿರುಗಿದರು. "ಇಷ್ಟು ಶಿಸ್ತು ನಾನು ಯಾವ ಮಿಲ್ಲಿನಲ್ಲೂ ನೋಡಿಲ್ಲ. ನೀವು ಬರೆದು ಕಳಿಸಿದ್ದಕ್ಕಿಂತ ಕಾವೂ ಜಾಸ್ತಿ ಇದೆ, ಅಂದರೆ ಕೊಳೆಯುವುದೂ ಜಾಸ್ತಿ. ಬೇಸ್‌ಲೈನ್‌ಗೆ ಇದಕ್ಕಿಂತ ಒಳ್ಳೆಯ ರಾಶಿ ಸಿಗುವುದಿಲ್ಲ."

ಹಾಲಸ್ವಾಮಿ ಹಿಂದಿನಿಂದ ಮುಬಶ್ಶಿರನ ಬೆನ್ನು ಚಿವುಟಿದ. ಮುಬಶ್ಶಿರ ಒಂಬತ್ತು ವರ್ಷದ ಹೊಗೆಯನ್ನು ಒಂದೇ ಉಸಿರಿಗೆ ಹೊರಗೆ ಬಿಟ್ಟ.

ಅಷ್ಟರಲ್ಲಿ ಮೇಡಂ ಚೀಲದಿಂದ ಹಳದಿ ಪಟ್ಟಿಯ ಸುರುಳಿ ತೆಗೆದು ತಿಪ್ಪೆಯ ಸುತ್ತ ಬಿಗಿಯತೊಡಗಿದರು.

"ಒಂದು ದಿನದ ಅಳತೆ ಸಾಲದು. ಮಳೆ, ಚಳಿ, ಬಿಸಿಲು, ಮೂರು ಕಾಲದಲ್ಲೂ ಎಷ್ಟು ಕೊಳೆಯುತ್ತದೆ ನೋಡಬೇಕು. ಒಂದು ವರ್ಷ ಇಲ್ಲಿಂದ ಒಂದು ಬುಟ್ಟಿಯೂ ಅಲ್ಲಾಡಕೂಡದು. ಅಲ್ಲಾಡಿದರೆ ಎಲ್ಲ ರದ್ದು. ಬಾಯ್ಲರ್ ಆಮೇಲೆ. ಕಾಯಲು ಒಬ್ಬ ಜವಾಬ್ದಾರಿ ಮನುಷ್ಯ ಬೇಕಲ್ಲ?"

ಗಂಗಾಧರ್ ಮುಬಶ್ಶಿರನ ಹೆಗಲ ಮೇಲೆ ಕೈಯಿಟ್ಟರು. "ಇವನೇ ಅದಾನಲ್ರೀ. ಕೊಟ್ಟ ಮಾತು ತಪ್ಪಂಗಿಲ್ಲಪಾ ನಾನು. ಇವತ್ತಿಂದ ನೀನು ಕಾಯಂ."

"ಬಾಯ್ಲರಿಗೇನ್ರೀ ಸಾವ್ಕಾರ್ರ?"

"ತಿಪ್ಪಿಗೆ."

ಕಾರು ಧೂಳೆಬ್ಬಿಸಿ ಹೋಯಿತು. ಆ ಧೂಳಿನೊಳಗಿಂದ ಹದಿನಾಲ್ಕು ಖಾಲಿ ಬುಟ್ಟಿಗಳು ಗೇಟು ದಾಟಿ ಬಂದವು. ಮುಂದೆ ಬಸಲಿಂಗಮ್ಮ.

ಮುಬಶ್ಶಿರ ಹಳದಿ ಪಟ್ಟಿಯ ಮುಂದೆ ಎರಡೂ ಕೈ ಚಾಚಿ ನಿಂತು ಎಲ್ಲ ಹೇಳಿದ. ಯಾರೂ ಬೈಯಲಿಲ್ಲ. ಅದಕ್ಕೇ ಅವನಿಗೆ ಹೆಚ್ಚು ಭಯವಾಯಿತು. ಹೆಂಗಸರು ತಮ್ಮತಮ್ಮಲ್ಲೇ ಏನೋ ಗುಸುಗುಟ್ಟಿದರು.

"ಆತು ಬಿಡಪಾ," ಬಸಲಿಂಗಮ್ಮ ಸೆರಗು ಕೊಡವಿದಳು. "ನಿನ್ನ ಹೊಟ್ಟಿಮ್ಯಾಲೆ ಯಾಕ ಹೊಡಿಯೋಣ."

ಅವರು ಹೋದರು. ಅರ್ಧ ಗಂಟೆಗೆ ಮುಬಶ್ಶಿರನ ಫೋನು ಬಡಿದುಕೊಂಡಿತು. ಹೆಂಡತಿ ಮುಬೀನಾ.

"ಏನ್ರೀ, ನೌಕರಿ ಕಾಯಂ ಆತಂತಲ್ಲ? ಓಣಿ ಹೆಂಗಸ್ರೆಲ್ಲಾ ಬಂದಾರ."

"ಸಿಹಿ ಕೇಳಾಕೇನು?"

"ಇಲ್ರೀ. ಅವ್ರ ತಿಪ್ಪಿ ನೀವು ತಿರುಗಿ ಕೊಡಲಿಲ್ಲಂತ. ಅದಕ್ಕ ಒಂದು ವರ್ಷ ಕಸ, ಸಗಣಿ ನಮ್ಮ ಬಾಗಿಲ ಮುಂದ ಹಾಕ್ತಾರಂತ. ಅಂಜಿನಕ್ಕ ಆಗ್ಲೇ ಬೇವಿನ ಟೊಂಗಿ ನೆಟ್ಟಾಳ."